ಯಾವ ಶರಣಪ್ಪ?

ಜೇವರ್ಗಿ ತಾಲ್ಲೂಕಿನ ಕೊಳಕೂರದ ಹೆಸರನ್ನು ಕಂಪ್ಯೂಟರು ಎರಡು ಬಗೆಯಲ್ಲಿ ಬರೆದಿಟ್ಟುಕೊಳ್ಳಬಲ್ಲದು. ಯೂನಿಕೋಡಿನಲ್ಲಿ ‘ಕೊ’ ಅಕ್ಷರದ ಸ್ವರಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ. ‘ಕೆ’ಯ ಚಿಹ್ನೆ ಮತ್ತು ‘ಕೂ’ವಿನ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟರೂ ತೆರೆಯ ಮೇಲೆ ಅದೇ ‘ಕೊ’ ಮೂಡುತ್ತದೆ. ನೋಡುವವರಿಗೆ ಒಂದೇ ಊರು, ಹೋಲಿಸುವ ಯಂತ್ರಕ್ಕೆ ಎರಡು. ನಮ್ಮ ಕಡೆ ಊರ ಹೆಸರೇ ಅಡ್ಡಹೆಸರು ಆಗಿರುವುದರಿಂದ ಈ ತೊಡಕು ವಿಳಾಸದಿಂದ ಮನುಷ್ಯರ ಹೆಸರಿಗೂ ದಾಟುತ್ತದೆ. ಇಂಥ ದಾಖಲೆಗಳನ್ನು ಹಸನು ಮಾಡುವ ತಂತ್ರಾಂಶಗಳಿಗೆ ಈಗ ದೊಡ್ಡ ಮಾರುಕಟ್ಟೆಯಿದೆ. ವಿದ್ಯೆ ಮಾತ್ರ ಕಂಪ್ಯೂಟರಿಗಿಂತ ಹಳೆಯದು.

1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಎಂಬಾತ ಹೆಸರುಗಳನ್ನು ಕಾಗುಣಿತದ ಬದಲು ಉಚ್ಚಾರಣೆಯ ಮೇಲೆ ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದು ಮುಂದೆ ಸೌಂಡೆಕ್ಸ್ ಎಂದು ಹೆಸರಾಯಿತು. ಮೊದಲಕ್ಷರ ಉಳಿಸಿಕೊಂಡು, ಸ್ವರಗಳನ್ನು ಕೈಬಿಟ್ಟು, ಹತ್ತಿರದ ವ್ಯಂಜನಗಳಿಗೆಲ್ಲ ಒಂದೇ ಅಂಕೆ ಕೊಡುವುದು ಅದರ ಲೆಕ್ಕ. ಇಂಗ್ಲಿಷ್ ಹೆಸರುಗಳಿಗೆ ಹೊಂದಿದ ಈ ಲೆಕ್ಕಕ್ಕೆ ನಮ್ಮ ಹೆಸರು ಕೊಟ್ಟು ನೋಡಿ: ಪ, ವ ಎರಡಕ್ಕೂ ಒಂದೇ ಅಂಕೆ ಬಿದ್ದು ಬಸಪ್ಪ, ಬಸವ್ವ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ! ಭಾರತೀಯ ಲಿಪಿಗಳಿಗೆ ಸೌಂಡೆಕ್ಸನ್ನು ಹೊಂದಿಸಿದ ಕೆಲಸ ಸಂತೋಷ್ ತೊಟ್ಟಿಂಗಲ್ ಅವರದು. ಅದಕ್ಕೆ ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು.

ನಿಜವಾದ ತಿರುವು ಕೆನಡಾದಲ್ಲಿ ಬಂತು. ತಳಿವಿಜ್ಞಾನಿ ಹೊವಾರ್ಡ್ ನ್ಯೂಕೂಂಬ್ 1959ರಲ್ಲಿ ಮದುವೆ ಮತ್ತು ಜನನದ ನೋಂದಣಿಗಳನ್ನು ಕಂಪ್ಯೂಟರಿನಿಂದ ಜೋಡಿಸಿ ತೋರಿಸಿದರು. ಅಪರೂಪದ ಹೆಸರು ಕೂಡಿಬಂದರೆ ಹೆಚ್ಚು ತೂಕ, ಊರ ತುಂಬ ಇರುವ ಹೆಸರಾದರೆ ಕಡಿಮೆ ತೂಕ ಎಂಬುದು ಅವರ ತಿಳಿವು. 1969ರಲ್ಲಿ ಫೆಲ್ಲೆಗಿ ಮತ್ತು ಸಂಟರ್ ಇದಕ್ಕೆ ಗಣಿತದ ಬುನಾದಿ ಹಾಕಿದರು. ಅವರ ಸೂತ್ರ ದಾಖಲೆಯ ಜೋಡಿಗಳನ್ನು ಮೂರು ಗುಡ್ಡೆ ಮಾಡುತ್ತದೆ: ಒಬ್ಬರೇ ಅನ್ನುವಂಥವು, ಬೇರೆಯವರು ಅನ್ನುವಂಥವು, ಮತ್ತು ಮನುಷ್ಯರೇ ಕೂತು ನೋಡಬೇಕಾದವು. ಈ ಮೂರನೆಯದೇ ಇಡೀ ವಿದ್ಯೆಯ ಪ್ರಾಮಾಣಿಕ ಭಾಗ ಎಂದು ನನ್ನ ಎಣಿಕೆ. ತಂತ್ರಾಂಶ ಮಾರುವವರು ಮಾತಾಡದೆ ದಾಟಿಹೋಗುವುದೂ ಇದನ್ನೇ.

ತೊಂಬತ್ತರ ದಶಕದಲ್ಲಿ ಕಂಪನಿಗಳು ಬೇರೆಬೇರೆ ಗ್ರಾಹಕಪಟ್ಟಿಗಳನ್ನು ಒಂದೆಡೆ ಸುರಿಯತೊಡಗಿದ ಮೇಲೆ ಈ ವಿದ್ಯೆ ವ್ಯಾಪಾರವಾಯಿತು. 2010ರಲ್ಲಿ ಗೂಗಲ್ ಕೈಸೇರಿ, ಆಮೇಲೆ ಅದರ ಕೈಯಿಂದ ಹೊರಬಂದ ಮುಕ್ತ ತಂತ್ರಾಂಶ ಓಪನ್‌ರಿಫೈನ್‌ನಿಂದ ಸಣ್ಣ ಕಚೇರಿಗೂ ಪುಕ್ಕಟೆ ಸಾಧನ ಸಿಕ್ಕಿತು.

ಕರ್ನಾಟಕದ ದೊಡ್ಡ ಪರೀಕ್ಷೆ ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಹೊಸ ಶತಮಾನದ ಹೊಸ್ತಿಲಲ್ಲಿ ತಲಾಠಿಯ ಬಸ್ತೆಯಿಂದ ಕಂಪ್ಯೂಟರಿಗೆ ಏರಿದವು. ಕಲಬುರಗಿ ಸೀಮೆಯ ಕಾಗದಗಳಿಗೆ ಇನ್ನೊಂದು ಹಿನ್ನೆಲೆಯೂ ಇದೆ. 1948ರವರೆಗೆ ಇಲ್ಲಿ ನಿಜಾಮರ ಆಡಳಿತ, ದಫ್ತರದ ಭಾಷೆ ಉರ್ದು. ಆ ಲಿಪಿಯಲ್ಲಿ ಳಕಾರವಿಲ್ಲ, ಒ–ಓ ಭೇದವಿಲ್ಲ, ಹ್ರಸ್ವಸ್ವರ ಬರೆಯುವ ರೂಢಿಯೂ ಕಡಿಮೆ. ಉರ್ದುವಿಗೆ ಹೋಗಿ ಕನ್ನಡಕ್ಕೆ ಮರಳಿ, ಆಮೇಲೆ ಬ್ಯಾಂಕಿನ ಇಂಗ್ಲಿಷಿಗೆ ಇಳಿದ ಹೆಸರು ಹೊರಟಾಗ ಇದ್ದಂತೆಯೇ ಉಳಿದರೆ ಅದೇ ಆಶ್ಚರ್ಯ.

ಅಂಕೆಗಳೂ ನಂಬಿಗಸ್ತವಲ್ಲ. 40 ಗುಂಟೆಗೆ ಒಂದು ಎಕರೆ. 2 ಎಕರೆ 30 ಗುಂಟೆಯನ್ನು ಯಾರೋ 2.30 ಎಂದು ಬರೆದಿಟ್ಟರೆ, ಅದಕ್ಕೆ 1.20 ಕೂಡಿಸಿದ ಯಂತ್ರ 3.50 ಎನ್ನುತ್ತದೆ, ಹೊಲದಲ್ಲಿರುವುದು 4 ಎಕರೆ 10 ಗುಂಟೆ. ಸರ್ವೆ ನಂಬರಿನ 4/2 ಹಿಸ್ಸಾ ಎಕ್ಸೆಲ್‌ಗೆ ಹೋದರೆ ತಾರೀಖಾಗಿ ಕೂತುಬಿಡುತ್ತದೆ. ಇದೇ ಕಾಟಕ್ಕೆ ಬೇಸತ್ತು ವಿಜ್ಞಾನಿಗಳು 2020ರಲ್ಲಿ ಕೆಲವು ಮಾನವ ಜೀನುಗಳ ಹೆಸರನ್ನೇ ಬದಲಿಸಿದರು. ರೈತನಿಗೆ ಹಿಸ್ಸಾ ನಂಬರು ಬದಲಿಸಲಿಕ್ಕೆ ಬರುತ್ತದೆಯೇ?

ಅಷ್ಟರಲ್ಲಿ ವ್ಯಾಪಾರಸ್ಥರ ದಾರಿ ಬೇರೆಯಾಯಿತು: ಆಮೇಲೆ ಹಸನು ಮಾಡುವ ಬದಲು ಬಾಗಿಲಲ್ಲೇ ತಡೆಯುವುದು. 2017ರಲ್ಲಿ ಬಂದ ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಕೊನೆಯದು ತಪ್ಪು ಹಿಡಿಯಲಿಕ್ಕೆಂದೇ ಇದೆ. ಆಧಾರ್‌ನ 12ನೇ ಅಂಕಿಯೂ ಹಾಗೇ. ಅದರ ಹಿಂದಿರುವುದು ಡಚ್ ಗಣಿತಜ್ಞ ವೆರ್‌ಹೂಫ್ 1969ರಲ್ಲೇ ಕೊಟ್ಟ ಲೆಕ್ಕ. ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅದಲುಬದಲಾದರೂ ಅದು ಹಿಡಿಯುತ್ತದೆ. ದಾಲ್‌ಮಿಲ್ಲಿನ ಖಾತೆಯಲ್ಲಿ ಅಂಗಡಿಯ ಹೆಸರು ಮೂರು ಥರ ಇದ್ದರೂ ಜಿಎಸ್‌ಟಿ ಸಂಖ್ಯೆಯೊಂದು ಸರಿಯಿದ್ದರೆ ಲೆಕ್ಕ ಕೂಡುತ್ತದೆ.

ಬ್ಯಾಂಕಿಗೆ ಅಷ್ಟು ಸಲೀಸಿಲ್ಲ. ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿಯೊಂದಿಗೆ, 2019ರಲ್ಲಿ ಕಾವೇರಿಯೊಂದಿಗೆ, 2025ರಲ್ಲಿ ವಿಕಾಸದೊಂದಿಗೆ ಕೂಡಿತು. ಇಂಥ ಪ್ರತಿ ಕೂಡಿಕೆಯಲ್ಲೂ ಎರಡು ಕಡೆಯ ಗ್ರಾಹಕರಲ್ಲಿ ಯಾರು ಯಾರು ಒಬ್ಬರೇ ಎಂಬ ಪ್ರಶ್ನೆ ಏಳುತ್ತದೆ, ಆಧಾರ್‌ಗಿಂತ ಹಿಂದಿನ ಖಾತೆಗಳಲ್ಲಿ ಕೈಗೆ ಸಿಗುವುದು ಬಹುಮಟ್ಟಿಗೆ ಹೆಸರೊಂದೇ.

ರೈತರ ಪಾಲಿಗೆ ಈಗಿನ ಘಟ್ಟ ಸರ್ಕಾರದ ರೈತ ನೋಂದಣಿ ತಂತ್ರಾಂಶವಾದ ಫ್ರೂಟ್ಸ್. ಬೆಂಬಲ ಬೆಲೆಗೆ ತೊಗರಿ ಹಾಕಬೇಕಾದರೆ ಅದು ಕೊಡುವ ರೈತ ಗುರುತಿನ ಸಂಖ್ಯೆ (ಎಫ್‌ಐಡಿ) ಬೇಕು, ಎಫ್‌ಐಡಿಗೆ ಆಧಾರ್, ಪಹಣಿ ಎರಡೂ ಕೂಡಬೇಕು. ಕಾಗುಣಿತದ ಸಣ್ಣ ವ್ಯತ್ಯಾಸವನ್ನು ಎಷ್ಟು ಅಕ್ಷರ ಬೇರೆ ಎಂದು ಎಣಿಸುವ ಸೂತ್ರಗಳು ನೀಗಿಸಿಯಾವು. ಕಷ್ಟವಿರುವುದು ಪೂರ್ತಿ ಹೊಂದುವ ಹೆಸರುಗಳಲ್ಲಿ. ಅಜ್ಜ ಶರಣಪ್ಪ ತಂದೆ ಭೀಮರಾಯ; ಮಗ ಭೀಮರಾಯ ತಂದೆ ಶರಣಪ್ಪ; ಅಜ್ಜನ ಹೆಸರು ಹೊತ್ತ ಮೊಮ್ಮಗ ಮತ್ತೆ ಶರಣಪ್ಪ ತಂದೆ ಭೀಮರಾಯ. ಅಜ್ಜ ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆ ಆಗಿ ಜಮೀನು ವಾರಸುದಾರರ ಹೆಸರಿಗೆ ಬರದಿದ್ದರೆ ಅಜ್ಜನ ಪಹಣಿಗೆ ಮೊಮ್ಮಗನ ಆಧಾರ್ ಅಕ್ಷರವೂ ತಪ್ಪದೆ ಕೂಡುತ್ತದೆ. ತಂತ್ರಾಂಶ ನೂರಕ್ಕೆ ನೂರು ಅಂಕ ಕೊಡುತ್ತದೆ. ಚಿಕ್ಕಪ್ಪಂದಿರ, ಅತ್ತೆಯಂದಿರ ಪಾಲು ಕಾಣದಂತಾಗುತ್ತದೆ. ಪಹಣಿಯಲ್ಲಿ ಹುಟ್ಟಿದ ವರ್ಷವಿಲ್ಲ, ಸತ್ತ ವರ್ಷವೂ ಇಲ್ಲ. ಆದರೆ ಜಮೀನು ಹೆಸರಿಗೆ ಬಂದ ಮ್ಯುಟೇಶನ್ನಿನ ತಾರೀಖು ಇರುತ್ತದೆ. ಆ ತಾರೀಖು ಆಧಾರ್‌ನಲ್ಲಿರುವ ಜನ್ಮವರ್ಷಕ್ಕಿಂತ ಹಿಂದಿನದಾದರೆ, ಅಂಕ ಎಷ್ಟೇ ಬಂದಿರಲಿ, ಆ ಜೋಡಿಯನ್ನು ಫೆಲ್ಲೆಗಿಯವರ ಮೂರನೇ ಗುಡ್ಡೆಗೆ ಹಾಕಿ ತಲಾಠಿಯ ಮೇಜಿಗೆ ಕಳಿಸುವ ಒಂದು ಸಾಲಿನ ನಿಯಮ ಸಾಕು.