ಕಳೆಯುವ ಲೆಕ್ಕಕ್ಕೆ ಸಿಗದವರು

ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದುದು 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಕ್ಷಾಮವನ್ನು. ಆಗ ಸತ್ತವರೆಷ್ಟು ಮಂದಿ? ಸುಲಭದ ಉತ್ತರವೊಂದಿದೆ. 1871ರ ಗಣತಿಯಲ್ಲಿ ಸಂಸ್ಥಾನದ ಜನ 50,55,412. 1881ರ ಫೆಬ್ರವರಿ 17ರ ಗಣತಿಯಲ್ಲಿ 41,86,188. ಕಳೆದರೆ 8,69,224. ಐದನೇ ತರಗತಿಯ ಮಗುವೂ ಮಾಡುವ ಲೆಕ್ಕ. (ಇದಾದ ಐದು ವಾರಕ್ಕೆ ಇಂಗ್ಲಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದರು. ಒಪ್ಪಿಸಿದ್ದು ಇಷ್ಟು ಜನ ಕಡಿಮೆಯಾದ ರಾಜ್ಯವನ್ನು!)

ಆದರೆ ಇದು ಸತ್ತವರ ಲೆಕ್ಕವಲ್ಲ. 1873ರಲ್ಲಿ ಹುಟ್ಟಿ, 1877ರಲ್ಲಿ ತಾಯಿಯ ಮಡಿಲಲ್ಲೇ ಕಣ್ಣು ಮುಚ್ಚಿದ ಕೂಸೊಂದನ್ನು ನೆನೆದುಕೊಳ್ಳಿ. ಮೊದಲ ಗಣತಿಯ ಹೊತ್ತಿಗೆ ಅದು ಹುಟ್ಟಿರಲಿಲ್ಲ; ಎರಡನೆಯದರ ಹೊತ್ತಿಗೆ ಬದುಕಿರಲಿಲ್ಲ. ಎರಡು ಪಟ್ಟಿಯಲ್ಲೂ ಇಲ್ಲದ ಮಗುವನ್ನು ಯಾವ ವ್ಯವಕಲನ ತೋರಿಸೀತು? ಬರದಲ್ಲಿ ಮೊದಲು ಸೊರಗುವವರು ಇಂಥ ಎಳೆಯರೇ ಅಲ್ಲವೆ?

ಇನ್ನೊಂದು ಕಡೆ, ಬದುಕಿದ್ದೂ ಕಳೆದುಹೋದವರಿದ್ದಾರೆ. ಕೂಲಿ ಹುಡುಕಿ ಸೀಮೆ ದಾಟಿದವರು ಇಲ್ಲಿಯ ಎಣಿಕೆಗೆ ಸಿಗಲಿಲ್ಲ. ಹೊಟ್ಟೆಗಿಲ್ಲದ ಹೆಂಗಸಿಗೆ ಮುಟ್ಟು ನಿಂತುಹೋಗುತ್ತದೆ, ಬಸಿರಾಗುವುದು ಕಡಿಮೆಯಾಗುತ್ತದೆ. ಹಾಗೆ ಹುಟ್ಟದೇ ಉಳಿದ ಮಕ್ಕಳೂ ಆ ಎಂಟೂಮುಕ್ಕಾಲು ಲಕ್ಷದ ಕೊರತೆಯಲ್ಲಿ ಸೇರಿಕೊಂಡಿದ್ದಾರೆ. ಅವರನ್ನು ಸತ್ತವರೆನ್ನಲಾದೀತೆ?

ಸಾವಿನ ದಾಖಲೆ ನೋಡಬಹುದಲ್ಲ ಎನ್ನುತ್ತೀರಿ. ಸಾವನ್ನು ಬರೆಸುವವರು ಊರಿನವರು. ಗಂಜಿಗಾಗಿ ನಡೆಯುತ್ತಾ ದಾರಿಯಲ್ಲಿ ಬಿದ್ದವರು ಯಾವ ಊರಿನವರು? ಗಣತಿಗೆ ಮನೆಮನೆ ಅಲೆದ ನನ್ನಂಥ ಉಪಾಧ್ಯಾಯಿನಿಯರಿಗೆ ಗೊತ್ತು, ಇಡೀ ಮನೆತನವೇ ಇಲ್ಲವಾದರೆ ಬಾಗಿಲಲ್ಲಿ ನಿಂತು ಹೆಸರು ಹೇಳುವವರೇ ಇರುವುದಿಲ್ಲ.

ಹೆಂಗಸರಾದ ನಾವು ಗಮನಿಸಬೇಕಾದ ಅಂಕಿಯೂ ಒಂದಿದೆ. 1871ರಲ್ಲಿ ಗಂಡಸರು 16,436 ಹೆಚ್ಚಿದ್ದರು. 1881ರಲ್ಲಿ ಹೆಂಗಸರು 14,504 ಹೆಚ್ಚು. ಗಂಡಸರು ದೂರ ಹೋಗಿದ್ದಿರಬಹುದು. ಆದರೆ ಕ್ಷಾಮಗಳಲ್ಲಿ ಹೆಣ್ಣಿನ ದೇಹವೇ ಹೆಚ್ಚು ತಾಳಿಕೊಳ್ಳುತ್ತದೆಂದು ಜನಸಂಖ್ಯಾ ಶಾಸ್ತ್ರಜ್ಞರು ಬೇರೆ ದೇಶಗಳ ಲೆಕ್ಕದಿಂದಲೂ ಹೇಳುತ್ತಾರೆ. ಕೊನೆಯ ತುತ್ತನ್ನು ಬೇರೆಯವರಿಗೆ ಬಡಿಸಿದವಳು ಉಳಿದದ್ದು ನನಗಂತೂ ವಿಚಿತ್ರವೆನಿಸುತ್ತದೆ. ಹಾಗೆ ಉಳಿದವರಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರೆಷ್ಟೋ. ಅದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

1891ರಲ್ಲಿ ಮತ್ತೆ ಎಣಿಸಿದಾಗ ಸಂಸ್ಥಾನದ ಜನ 49,43,604. ಇಪ್ಪತ್ತು ವರ್ಷ ಕಳೆದರೂ 1871ರ ಸಂಖ್ಯೆಗೆ ಮುಟ್ಟಿರಲಿಲ್ಲ. 1901ರ ಗಣತಿಯಲ್ಲಿ ಅದನ್ನು ದಾಟಿತು.