ಅಫಿಡವಿಟ್ ಹಿಡಿದು ಹೊರಟ ಪಾದ್ರಿ ದಂಪತಿ

ಊರಿನಿಂದ ಅಪ್ಪ ಅಮ್ಮ ಬಾಸ್ಟನ್ನಿಗೆ ಬಂದರೆ ನಾವು ತೋರಿಸುವ ಜಾಗಗಳು ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಒಂದೇ. ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಬಂದರು, ಹಾರ್ವರ್ಡ್ ಅಂಗಳದ ಪ್ರತಿಮೆ, ಆಮೇಲೆ ಕೆಂಪು ಇಟ್ಟಿಗೆಯ ಗೆರೆ ಹಿಡಿದು ಬೀಕನ್ ಹಿಲ್ ಹತ್ತಿ, ಚಿನ್ನದ ಗುಮ್ಮಟದ ಸ್ಟೇಟ್ ಹೌಸ್ ಎದುರು ಒಂದು ಫೋಟೋ. ಅದರ ಪಕ್ಕದಲ್ಲೇ ಇರುವ 25, ಬೀಕನ್ ಸ್ಟ್ರೀಟ್ ಕಟ್ಟಡದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನೋಡುವಂಥದ್ದು ಅಲ್ಲೇನೂ ಇಲ್ಲ ಅನ್ನುವುದೂ ನಿಜವೇ. ಆದರೆ ಹತ್ತಾರು ವರ್ಷ ಅದು ಯೂನಿಟೇರಿಯನ್ ಪಂಥದ ಕೇಂದ್ರ ಕಚೇರಿಯಾಗಿತ್ತು. ತ್ರಿಯೇಕ ದೇವರ ಕಲ್ಪನೆಯನ್ನು ಬಿಟ್ಟು ದೇವರು ಒಬ್ಬನೇ ಎಂದ ಕ್ರೈಸ್ತರು ಇವರು. ಕಲ್ಕತ್ತೆಯ ರಾಜಾ ರಾಮಮೋಹನ ರಾಯರ ಜೊತೆ ಪತ್ರವ್ಯವಹಾರ ಇಟ್ಟುಕೊಂಡಿದ್ದವರು.

1939ರ ಜನವರಿಯ ಒಂದು ಭಾನುವಾರ ಸಂಜೆ ಈ ಸಂಸ್ಥೆಯ ಉಪಾಧ್ಯಕ್ಷ ಎವರೆಟ್ ಬೇಕರ್, ವೆಲ್ಸ್ಲಿ ಹಿಲ್ಸ್‌ನ ಪಾದ್ರಿ ವೇಟ್‌ಸ್ಟಿಲ್ ಶಾರ್ಪ್ ಅವರಿಗೆ ಫೋನ್ ಮಾಡಿದರು. ಜೆಕೊಸ್ಲೊವಾಕಿಯಾಕ್ಕೆ ಹೋಗಿ ನಿರಾಶ್ರಿತರ ಕೆಲಸ ನೋಡಿಕೊಳ್ಳಬೇಕು, ಗಂಡ ಹೆಂಡತಿ ಇಬ್ಬರೂ ಹೊರಡಬೇಕು, ಆಗುತ್ತದೆಯೇ? ಅವರಿಗಿಂತ ಮುಂಚೆ ಹದಿನೇಳು ಮಂದಿಯನ್ನು ಕೇಳಿ ಆಗಿತ್ತು. ಹದಿನೇಳೂ ಮಂದಿ ಆಗದು ಎಂದಿದ್ದರು. ಅವರನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಮ್ಯೂನಿಕ್ ಒಪ್ಪಂದವಾಗಿ ಹಿಟ್ಲರ್ ಆ ದೇಶದ ಅಂಚನ್ನು ಕತ್ತರಿಸಿಕೊಂಡಿದ್ದ. ಜರ್ಮನಿ, ಆಸ್ಟ್ರಿಯಾಗಳಿಂದ ಓಡಿಬಂದ ಯಹೂದಿಗಳು, ಸಮಾಜವಾದಿಗಳು, ಲೇಖಕರು ಪ್ರಾಗ್ ನಗರದಲ್ಲಿ ತುಂಬಿಕೊಂಡಿದ್ದರು. ಅಲ್ಲಿಗೆ ಹೋಗುವುದೆಂದರೆ ಬೆಂಕಿಗೆ ಕೈ ಚಾಚಿದಂತೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ವೇಟ್‌ಸ್ಟಿಲ್‌ಗೆ ಆಗ 36 ವರ್ಷ, ಹೆಂಡತಿ ಮಾರ್ಥಾಗೆ 33. ಗಂಡ ಹಾರ್ವರ್ಡಿನಲ್ಲಿ ಕಾನೂನು ಓದಿ ಆಮೇಲೆ ಪಾದ್ರಿಯಾದವರು. ಆಕೆ ಪ್ರಾವಿಡೆನ್ಸಿನವರು, ಶಿಕಾಗೋದಲ್ಲಿ ಸಮಾಜಸೇವೆಯ ತರಬೇತಿ ಪಡೆದವರು. ಏಳು ವರ್ಷದ ಮಗ ಹೇಸ್ಟಿಂಗ್ಸ್, ಇನ್ನೂ ತೊದಲು ಮಾತಿನ ಮಗಳು. ಮಕ್ಕಳನ್ನು ಸ್ನೇಹಿತರ ಸುಪರ್ದಿಗೆ ಒಪ್ಪಿಸಿ ಫೆಬ್ರವರಿ 4ರಂದು ನ್ಯೂಯಾರ್ಕಿನಲ್ಲಿ ಅಕ್ವಿಟೇನಿಯಾ ಹಡಗು ಹತ್ತಿದರು.

ಮಿಷನರಿ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಮಂಗಳೂರಿನ ಬಾಸೆಲ್ ಮಿಶನ್, ಹಂಚಿನ ಕಾರ್ಖಾನೆ, ಕಿಟ್ಟೆಲ್ ನಿಘಂಟು. ಶಾರ್ಪ್ ದಂಪತಿ ಆ ಬಗೆಯವರಲ್ಲ. ಚರ್ಚು ಕಳಿಸಿದ್ದು ನಿಜ, ಆದರೆ ಯಾರನ್ನೂ ತಮ್ಮ ಮತಕ್ಕೆ ಕರೆಯಲು ಹೋದವರಲ್ಲ. ಅವರ ಬಾಗಿಲಿಗೆ ಬಂದವರಲ್ಲಿ ಬಹಳ ಜನ ಯಹೂದಿಗಳು. ಅವರಿಗೆ ಬೇಕಿದ್ದದ್ದು ಕಾಗದ. ಪಾಸ್‌ಪೋರ್ಟು, ದೇಶ ಬಿಡಲು ಅಪ್ಪಣೆ, ನಡುವಿನ ದೇಶಗಳನ್ನು ಹಾದುಹೋಗಲು ವೀಸಾ, ಕೊನೆಗೆ ಸೇರುವ ದೇಶದ ವೀಸಾ. ಒಂದು ಸಿಕ್ಕುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಅಮೆರಿಕಕ್ಕೆ ಬರಬೇಕಾದರೆ, ಈ ವ್ಯಕ್ತಿ ಸರ್ಕಾರಕ್ಕೆ ಹೊರೆಯಾಗುವುದಿಲ್ಲ ಎಂದು ಇಲ್ಲಿಯವರೊಬ್ಬರು ಬರೆದುಕೊಡುವ ಅಫಿಡವಿಟ್ಟೂ ಬೇಕು. ಅಪ್ಪ ಅಮ್ಮನ ಗ್ರೀನ್ ಕಾರ್ಡಿಗಾಗಿ ಐ-864 ಎಂಬ ಇಂಥದ್ದೇ ಅಫಿಡವಿಟ್ ತುಂಬಿ, ಮೂರು ವರ್ಷದ ತೆರಿಗೆ ಕಾಗದ ಹುಡುಕಾಡಿದ ನಮ್ಮ ಕನ್ನಡ ಕೂಟದ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಮಗೆ ತಡವಾದರೆ ಬೇಜಾರು, ಅಷ್ಟೆ. ಅವರಿಗೆ ತಡವಾದರೆ ಕಾನ್ಸಂಟ್ರೇಶನ್ ಕ್ಯಾಂಪು.

ಮಾರ್ಚ್ 15ರಂದು ಹಿಮ ಬೀಳುತ್ತಿದ್ದಾಗಲೇ ಜರ್ಮನ್ ಸೇನೆ ಪ್ರಾಗ್ ಹೊಕ್ಕಿತು. ಇವರು ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೆಸರು ವಿಳಾಸಗಳಿದ್ದ ಟಿಪ್ಪಣಿಗಳನ್ನೆಲ್ಲ ಸುಟ್ಟರು. ನಾಜಿಗಳಿಗೆ ಬೇಕಾಗಿದ್ದ ಒಬ್ಬ ವ್ಯಕ್ತಿಯನ್ನು ಮಾರ್ಥಾ ಕತ್ತಲಲ್ಲಿ, ಕಾವಲುಗಾರರನ್ನು ದಾಟಿಸಿ, ಬ್ರಿಟಿಷ್ ರಾಯಭಾರ ಕಚೇರಿಗೆ ತಲುಪಿಸಿದರು. ಅದೇ ತಿಂಗಳ ಕೊನೆಯ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ನಿರಾಶ್ರಿತರನ್ನು ರೈಲಿನಲ್ಲಿ ಕೂರಿಸಿಕೊಂಡು, ಜರ್ಮನಿಯ ನಡುವಿನಿಂದಲೇ ಹಾದು, ಇಂಗ್ಲೆಂಡಿಗೆ ಮುಟ್ಟಿಸಿ, ತಾವು ಪ್ರಾಗ್‌ಗೆ ವಾಪಸು ಬಂದರು. ಆ ವಾಪಸು ಬಂದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಇಂಗ್ಲೆಂಡಿನಲ್ಲೇ ಉಳಿಯಲು ಯಾರ ಅಡ್ಡಿಯೂ ಇರಲಿಲ್ಲ.

ವೇಟ್‌ಸ್ಟಿಲ್ ಮಾಡಿದ್ದು ಇನ್ನೊಂದು ಬಗೆಯ ಕೆಲಸ. ದೇಶ ಬಿಡುವವರು ತಮ್ಮ ದುಡ್ಡನ್ನು ಹೊರಗೆ ಒಯ್ಯುವಂತಿರಲಿಲ್ಲ. ಅವರು ಪ್ರಾಗ್‌ನಲ್ಲಿ ಜೆಕ್ ಕ್ರೌನ್‌ಗಳನ್ನು ಪಾದ್ರಿಗಳ ಕೈಗೆ ಕೊಡುವುದು, ಅದು ಅಲ್ಲೇ ನಿರಾಶ್ರಿತರ ಊಟ ವಸತಿಗೆ ಖರ್ಚಾಗುವುದು, ಅದಕ್ಕೆ ಬದಲಾಗಿ ಹೊರದೇಶದ ಬ್ಯಾಂಕಿನಲ್ಲಿ ಅವರ ಹೆಸರಿಗೆ ಡಾಲರೋ ಪೌಂಡೋ ಜಮೆಯಾಗುವುದು. ನೋಟುಗಳು ಗಡಿ ದಾಟುತ್ತಿರಲಿಲ್ಲ, ಬೆಲೆ ಮಾತ್ರ ದಾಟುತ್ತಿತ್ತು. ನಮ್ಮ ಕಡೆ ಇದಕ್ಕೆ ಹವಾಲಾ ಅನ್ನುತ್ತಾರೆ! ನಾಜಿ ಕಾನೂನಿನ ಪ್ರಕಾರ ಘೋರ ಅಪರಾಧ. ಹಾರ್ವರ್ಡಿನ ಕಾನೂನು ಪದವೀಧರ ಪಾದ್ರಿ ಅದನ್ನು ತಿಂಗಳುಗಟ್ಟಲೆ ನಡೆಸಿದರು.

ಜುಲೈನಲ್ಲಿ ಅವರ ಕಚೇರಿಯನ್ನು ಮುಚ್ಚಿಸಿದರು. ಆಗಸ್ಟಿನಲ್ಲಿ ವೇಟ್‌ಸ್ಟಿಲ್ ಸಭೆಯೊಂದಕ್ಕೆಂದು ಸ್ವಿಟ್ಜರ್ಲೆಂಡಿಗೆ ಹೋದವರಿಗೆ ಮತ್ತೆ ಒಳಬರಲು ಬಿಡಲಿಲ್ಲ. ಮಾರ್ಥಾ ಒಬ್ಬರೇ ಹೊರಟರು; ಮಾರನೆಯ ದಿನವೇ ಗೆಸ್ಟಾಪೊ ಅವರನ್ನು ಬಂಧಿಸಲಿತ್ತೆಂದು ಆಮೇಲೆ ತಿಳಿಯಿತು.

ಪ್ರಾಗ್‌ನ ಕಥೆಗೆ ನಮ್ಮ ಮ್ಯಾಸಚೂಸೆಟ್ಸ್ ರಾಜ್ಯದ ಜೊತೆ ಇನ್ನೊಂದು ಎಳೆ ಇದೆ. ಅಲ್ಲಿನ ಯೂನಿಟೇರಿಯನ್ ಸಭೆ ಕಟ್ಟಿದವರು ನೊರ್ಬರ್ಟ್ ಚಾಪೆಕ್. ಪ್ರತಿಯೊಬ್ಬರೂ ಒಂದು ಹೂವು ತಂದಿಟ್ಟು, ಹೋಗುವಾಗ ಬೇರೆಯವರು ತಂದ ಹೂವನ್ನು ಒಯ್ಯುವ ಪ್ರಾರ್ಥನಾಸಭೆಯನ್ನು 1923ರಲ್ಲಿ ಶುರುಮಾಡಿದವರು ಅವರು. ಹೆಂಡತಿ ಮಾಯಾ 1939ರಲ್ಲಿ ಅಮೆರಿಕಕ್ಕೆ ಬಂದಿದ್ದರು. ಮಾರನೆಯ ವರ್ಷ ಆ ಪದ್ಧತಿಯನ್ನು ನಮ್ಮ ಕೇಂಬ್ರಿಡ್ಜಿನ ಚರ್ಚಿನಲ್ಲಿ ಮೊದಲ ಬಾರಿ ನಡೆಸಿದರು, ನ್ಯೂ ಬೆಡ್‌ಫರ್ಡಿನಲ್ಲಿ ಸೇವೆಗೆ ನಿಂತರು. ಗಂಡ ಅಲ್ಲೇ ಉಳಿದರು. ಅವರನ್ನು 1941ರಲ್ಲಿ ಬಂಧಿಸಿದ ನಾಜಿಗಳು 1942ರಲ್ಲಿ ಕೊಂದರು.

ಇನ್ನು ಅಮೆರಿಕದ ಕಡೆ ತಿರುಗಿ ನೋಡಿದರೆ ಅಷ್ಟು ಹೆಮ್ಮೆ ಪಡುವಂತಿಲ್ಲ. 1924ರ ವಲಸೆ ಕಾನೂನು ಜೆಕೊಸ್ಲೊವಾಕಿಯಾಕ್ಕೆ ವರ್ಷಕ್ಕೆ ಮೂರು ಸಾವಿರಕ್ಕೂ ಕಡಿಮೆ ಜಾಗ ಇಟ್ಟಿತ್ತು. ನಮ್ಮವರಿಗೆ ಆ ಭಾಗ್ಯವೂ ಇರಲಿಲ್ಲ. 1917ರ ಕಾನೂನು ಭಾರತೀಯರಿಗೆ ಬಾಗಿಲನ್ನೇ ಮುಚ್ಚಿತ್ತು, 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪೌರತ್ವವೂ ಇಲ್ಲ ಎಂದಿತ್ತು. ಶಾರ್ಪ್ ದಂಪತಿ ಪ್ರಾಗ್‌ನಲ್ಲಿ ಹೆಣಗುತ್ತಿದ್ದಾಗಲೇ ಇತ್ತ ಇಪ್ಪತ್ತು ಸಾವಿರ ನಿರಾಶ್ರಿತ ಮಕ್ಕಳನ್ನು ಕೋಟಾದ ಹೊರಗೆ ಬಿಟ್ಟುಕೊಳ್ಳುವ ಮಸೂದೆಯೊಂದು ವಾಷಿಂಗ್ಟನ್ನಿನಲ್ಲಿ ಮಂಡನೆಯಾಯಿತು. ಅದನ್ನು ತಂದ ಇಬ್ಬರಲ್ಲಿ ಒಬ್ಬರು ಲೋವೆಲ್ ಕಡೆಯ ಕಾಂಗ್ರೆಸ್ ಸದಸ್ಯೆ ಈಡಿತ್ ನೂರ್ಸ್ ರಾಜರ್ಸ್. ಬೆಡ್‌ಫರ್ಡಿನ ಮಾಜಿ ಸೈನಿಕರ ಆಸ್ಪತ್ರೆಯ ಫಲಕದ ಮೇಲಿನ ಹೆಸರು ಅವರದೇ. ಬರ್ಲಿಂಗ್ಟನ್, ಲೆಕ್ಸಿಂಗ್ಟನ್ ಕಡೆಯ ನಮ್ಮ ಜನ ದಿನಾ ಅದರ ಆಸುಪಾಸು ಓಡಾಡುತ್ತಾರೆ. ಮಸೂದೆ ಸಮಿತಿ ಹಂತದಲ್ಲೇ ಸತ್ತಿತು. ಮಕ್ಕಳಿಗೂ ಜಾಗವಿಲ್ಲವೆಂದ ದೇಶವೇ ಆ ಮಕ್ಕಳನ್ನು ಉಳಿಸಲು ಹೋದವರನ್ನೂ ಹುಟ್ಟಿಸಿತ್ತು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಈ ಚರಿತ್ರೆ ಬರೀ ಹೊಗಳಿಕೆಯಾಗುತ್ತದೆ.

1940ರ ಮೇ ತಿಂಗಳಲ್ಲಿ ಯೂನಿಟೇರಿಯನ್ ಸೇವಾ ಸಮಿತಿ ಹುಟ್ಟಿತು; ಯೂರೋಪಿಗೆ ಅದರ ಮೊದಲ ಪ್ರತಿನಿಧಿಗಳು ಮತ್ತೆ ಈ ದಂಪತಿಯೇ. ಈ ಬಾರಿ ಮಾರ್ಥಾಗೆ ಮನಸ್ಸಿರಲಿಲ್ಲ, ಮಕ್ಕಳನ್ನು ಎರಡನೇ ಸಲ ಬಿಟ್ಟುಹೋಗುವುದು ಹೇಗೆ? ಆದರೂ ಹೋದರು. ಪ್ಯಾರಿಸ್ಸಿನಲ್ಲಿ ಕಚೇರಿ ತೆರೆಯುವುದೆಂದಿತ್ತು. ಜೂನ್ 14ಕ್ಕೆ ಪ್ಯಾರಿಸ್ಸೇ ಬಿತ್ತು. ಹಾಗಾಗಿ ಲಿಸ್ಬನ್. ಮಾರ್ಥಾ ಸ್ವಿಟ್ಜರ್ಲೆಂಡಿನಿಂದ ಹನ್ನೆರಡು ಟನ್ನಿಗೂ ಹೆಚ್ಚು ಹಾಲಿನ ಪದಾರ್ಥ ತರಿಸಿ ದಕ್ಷಿಣ ಫ್ರಾನ್ಸಿನ ಪೋ ಪಟ್ಟಣದ ಸುತ್ತಲಿನ ಮಕ್ಕಳಿಗೆ ಹಂಚಿದರು.

ವೇಟ್‌ಸ್ಟಿಲ್ ಪಾಲಿಗೆ ಬಂದದ್ದು ಲಿಯಾನ್ ಫಾಯ್ಖ್ಟ್‌ವಾಂಗರ್. ಹಿಟ್ಲರ್ ವಿರುದ್ಧ ಬರೆದು ಹೆಸರಾಗಿದ್ದ ಜರ್ಮನ್ ಯಹೂದಿ ಕಾದಂಬರಿಕಾರ. ನಮಗೂ ತುಸು ನೆಂಟರೇ ಅನ್ನಬೇಕು: ಶೂದ್ರಕನ ಮೃಚ್ಛಕಟಿಕವನ್ನು ಜರ್ಮನ್ ರಂಗಭೂಮಿಗೆ ವಸಂತಸೇನೆಯಾಗಿ ರೂಪಾಂತರಿಸಿದವರು ಇವರು. ಫ್ರೆಂಚ್ ಶಿಬಿರದಿಂದ ಅಮೆರಿಕನ್ ಉಪದೂತರೊಬ್ಬರು ಹೆಂಗಸಿನ ಉಡುಪು ತೊಡಿಸಿ ಇವರನ್ನು ಪಾರುಮಾಡಿ ಮಾರ್ಸೇಯಲ್ಲಿ ಅಡಗಿಸಿಟ್ಟಿದ್ದರು. ಅಲ್ಲಿಂದ ಗಡಿವರೆಗೆ ರೈಲು, ಆಮೇಲೆ ಪಿರನೀಸ್ ಬೆಟ್ಟ ಕಾಲ್ನಡಿಗೆಯಲ್ಲಿ. ಸ್ಪೇನಿನ ಸುಂಕದ ಕಟ್ಟೆಯಲ್ಲಿ ಲೇಖಕರ ಹೆಂಡತಿ ಮಾರ್ಟಾ ಸಿಗರೇಟು ಪ್ಯಾಕುಗಳನ್ನು ಮೇಜಿನ ಮೇಲೆ ಸುರಿದುಬಿಟ್ಟರು. ಅಧಿಕಾರಿಗಳು ಅವನ್ನು ಬಾಚಿಕೊಳ್ಳುವ ಭರದಲ್ಲಿ ಹೆಸರು ಓದುವ ಗೋಜಿಗೆ ಹೋಗಲಿಲ್ಲ. ಲಿಸ್ಬನ್ನಿನಲ್ಲಿ ಮಾರ್ಥಾ ಹಡಗಿನ ತಮ್ಮ ಜಾಗವನ್ನೇ ಬಿಟ್ಟುಕೊಟ್ಟು ಅಲ್ಲೇ ಉಳಿದರು. ವೇಟ್‌ಸ್ಟಿಲ್ ಮತ್ತು ಕಾದಂಬರಿಕಾರ ಅಕ್ಟೋಬರ್ 5ಕ್ಕೆ ನ್ಯೂಯಾರ್ಕ್ ಸೇರಿದರು. ಸೇರಿದ್ದೇ ತಡ, ಫಾಯ್ಖ್ಟ್‌ವಾಂಗರ್ ಪತ್ರಕರ್ತರ ಮುಂದೆ ತಪ್ಪಿಸಿಕೊಂಡ ಬಗೆಯನ್ನೆಲ್ಲ ಬಣ್ಣಿಸಿಬಿಟ್ಟರು! ಅದೇ ದಾರಿ ನೆಚ್ಚಿಕೊಂಡು ಹಿಂದೆ ಉಳಿದಿದ್ದವರ ಎದೆ ಹೇಗೆ ಹೊಡೆದುಕೊಂಡಿರಬೇಕು.

ಮಾರ್ಥಾ ಬಂದದ್ದು ಡಿಸೆಂಬರಿನಲ್ಲಿ, ಇಪ್ಪತ್ತೈದಕ್ಕೂ ಹೆಚ್ಚು ಮಕ್ಕಳ ವೀಸಾಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಅವರನ್ನು ಅಮೆರಿಕಕ್ಕೆ ಹೊರಡಿಸಿದ ಮೇಲೆ. ಅವರಲ್ಲಿ ವಿಯೆನ್ನಾದ ತ್ರಿವಳಿ ಅಕ್ಕತಂಗಿಯರೂ ಇದ್ದರು. ನನ್ನನ್ನು ಕೇಳಿದರೆ ಬೆಟ್ಟ ಹತ್ತಿದ್ದಕ್ಕಿಂತ ಈ ಅಲೆದಾಟವೇ ದೊಡ್ಡ ಸಾಹಸ. ಇದಕ್ಕೆ ತಕ್ಕ ಒಂದು ಸಂಗತಿಯನ್ನೂ ಹೇಳಬೇಕು. ನಮ್ಮ ಊರುಗಳ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಚರ್ಚುಗಳ ಮುಂದೆ ಬಟ್ಟಲಲ್ಲಿ ಉರಿಯುವ ಜ್ವಾಲೆಯ ಗುರುತು ಕಾಣುತ್ತದಲ್ಲ, ಅದು ಪುರಾತನವೇನಲ್ಲ. 1941ರಲ್ಲಿ ಲಿಸ್ಬನ್ ಕಚೇರಿಗಾಗಿ ಹಾನ್ಸ್ ಡಾಯ್ಚ್ ಎಂಬ ನಿರಾಶ್ರಿತ ಕಲಾವಿದ ಬರೆದುಕೊಟ್ಟದ್ದು. ಸಮಿತಿಯ ಕಾಗದಗಳಿಗೆ ಅಧಿಕೃತ ಗತ್ತು ಬರಲಿ, ಗಡಿಯ ಅಧಿಕಾರಿಗಳು ಗೌರವಿಸಲಿ ಎಂದು!

ಎಲ್ಲದಕ್ಕೂ ಬೆಲೆ ತೆರಬೇಕಾಯಿತು. ಮನೆಯಲ್ಲಿ ಮಕ್ಕಳು ಬೇರೆಯವರ ಕೈಯಲ್ಲಿ ಬೆಳೆದರು. ವೇಟ್‌ಸ್ಟಿಲ್ 1944ರಲ್ಲಿ ನಿರಾಶ್ರಿತರ ಕೆಲಸಕ್ಕೆಂದೇ ಕೈರೋಗೆ ಹೋದರು. ಮಾರ್ಥಾ 1946ರಲ್ಲಿ ಮ್ಯಾಸಚೂಸೆಟ್ಸಿನ ಪ್ರಬಲ ರಿಪಬ್ಲಿಕನ್ ನಾಯಕ ಜೋಸೆಫ್ ಮಾರ್ಟಿನ್ ಎದುರು ಕಾಂಗ್ರೆಸ್ಸಿಗೆ ನಿಂತು ಸೋತರು. ಅದೇ ವರ್ಷ, 1917ರಲ್ಲಿ ಮುಚ್ಚಿದ್ದ ಬಾಗಿಲು ತುಸು ತೆರೆದು, ಭಾರತೀಯರಿಗೆ ವರ್ಷಕ್ಕೆ ನೂರು ಜನರಂತೆ ಮೊದಲ ಬಾರಿ ವಲಸೆ ಕೋಟಾ ಸಿಕ್ಕಿತು. 1954ರಲ್ಲಿ ಶಾರ್ಪ್ ದಂಪತಿ ವಿಚ್ಛೇದನ ಪಡೆದರು. ಇಬ್ಬರೂ ತಮ್ಮ ಸಾಹಸದ ಬಗ್ಗೆ ಊರೆಲ್ಲ ಸಾರಿದವರಲ್ಲ. ಮೊಮ್ಮಗ ಆರ್ಟೆಮಿಸ್ ಜುಕೌಸ್ಕಿ ಶಾಲೆಯ ಮನೆಗೆಲಸಕ್ಕೆಂದು ಅಜ್ಜಿಯನ್ನು ಕೇಳಿದಾಗಲೇ ಕಥೆ ಹೊರಬಿತ್ತು. ಇಸ್ರೇಲಿನ ಯಹೂದಿ ಹತ್ಯಾಕಾಂಡ ಸ್ಮಾರಕ ಸಂಸ್ಥೆ ಯಾದ್ ವಾಶೆಂ, ಯಹೂದಿಗಳನ್ನು ಉಳಿಸಿದವರೆಂದು 2006ರಲ್ಲಿ ಇಬ್ಬರನ್ನೂ ಗೌರವಿಸಿತು. ಅವರಿಗಿಂತ ಮೊದಲು ಆ ಮಾನ ಪಡೆದ ಅಮೆರಿಕನ್ ವೇರಿಯನ್ ಫ್ರೈ ಒಬ್ಬರೇ. ವೇಟ್‌ಸ್ಟಿಲ್ 1983ರಲ್ಲೇ, ಮಾರ್ಥಾ 1999ರಲ್ಲಿ ತೀರಿಕೊಂಡಿದ್ದರು.

ಆ ಮೊಮ್ಮಗನೂ ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸೂ ಸೇರಿ 2016ರಲ್ಲಿ ಮಾಡಿದ ಸಾಕ್ಷ್ಯಚಿತ್ರದಲ್ಲಿ ವೇಟ್‌ಸ್ಟಿಲ್‌ಗೆ ದನಿ ಕೊಟ್ಟವರು ಟಾಮ್ ಹ್ಯಾಂಕ್ಸ್. ವೆಲ್ಸ್ಲಿ ಹಿಲ್ಸ್‌ನ ಅವರ ಚರ್ಚು ಇವತ್ತಿಗೂ ವಾಷಿಂಗ್ಟನ್ ಸ್ಟ್ರೀಟಿನಲ್ಲಿದೆ, ಬಾಸ್ಟನ್ ಮ್ಯಾರಥಾನಿನ ದಿನ ಓಟಗಾರರು ಅದರ ಮುಂದೆಯೇ ಹಾದುಹೋಗುತ್ತಾರೆ. ದಂಪತಿಯ ಪತ್ರಗಳು ಪ್ರಾವಿಡೆನ್ಸಿನ ಬ್ರೌನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಬೇಸಿಗೆಯಲ್ಲಿ ಅಲ್ಲಿನ ವಾಟರ್‌ಫೈರ್ ಉತ್ಸವ ನೋಡಲು ಕಾರು ತುಂಬ ಜನ ಹೊರಡುವ ನಮ್ಮವರು ಒಮ್ಮೆ ಮಧ್ಯಾಹ್ನವೇ ಹೋದರೆ ಅವನ್ನೂ ನೋಡಿ ಬರಬಹುದು. ಮೊದಲೇ ಅನುಮತಿ ಕೇಳಿಕೊಂಡಿದ್ದರೆ ಒಳ್ಳೆಯದು.