ಅಕ್ಷರಕ್ಕೊಂದು ಅಂಚುಗೆರೆ

ತುರ್ಭೆಯ ಸಗಟು ಮಾರುಕಟ್ಟೆಯ ಕಡೆ ಹೋದವರು ನಮ್ಮ ನಾಡಿನಿಂದ ಬಂದ ಲಾರಿಗಳನ್ನು ನೋಡಿರಬಹುದು. ಅವುಗಳ ಹಣೆಯ ಮೇಲಿನ ಕನ್ನಡ ಅಕ್ಷರಗಳು ಧೂಳು ಮೆತ್ತಿದ್ದರೂ ದೂರದಿಂದಲೇ ಓದಲು ಸಿಗುತ್ತವೆ. ಬರೆದವನು ಹಳದಿ ಅಕ್ಷರದ ಸುತ್ತ ಕಪ್ಪು ಗೆರೆಯೊಂದನ್ನು ಎಳೆದಿರುವುದೇ ಇದಕ್ಕೆ ಕಾರಣ. ಇಂದು ವೀಡಿಯೋ ಜೋಡಿಸುವ ನಮ್ಮ ಮಕ್ಕಳು ಕಂಪ್ಯೂಟರಿನಲ್ಲಿ ಕ್ಷಣಮಾತ್ರದಲ್ಲಿ ಪಡೆಯುವುದೂ ಇದೇ ಅಂಚುಗೆರೆಯನ್ನು. ಇದರ ಚರಿತ್ರೆ ಸ್ವಾರಸ್ಯವಾದುದು.

ಮೊದಲು ನಮ್ಮ ಮನೆಯ ಮಾತನ್ನೇ ಆಡೋಣ. ತೊಗಲುಗೊಂಬೆಯ ಕಲಾವಿದರು ಬಣ್ಣಗಳನ್ನು ಕಪ್ಪು ಗೆರೆಯಿಂದ ಬೇರ್ಪಡಿಸಿ, ಒಡವೆ ವಸ್ತ್ರಗಳ ಉದ್ದಕ್ಕೂ ಸಣ್ಣ ರಂಧ್ರಗಳನ್ನು ಕೊರೆಯುತ್ತಿದ್ದರು. ಹಿಂದಿನಿಂದ ದೀಪ ಬೆಳಗಿದಾಗ ಆ ರಂಧ್ರಗಳ ಸಾಲೇ ಬೆಳಕಿನ ಗೆರೆಯಾಗುತ್ತಿತ್ತು. ಪರದೆಯ ಮೇಲಿನ ಆಕೃತಿಗೆ ಅಂಚು ಬೇಕೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಸಿನಿಮಾಕ್ಕೂ ಇದೇ ತೊಡಕು ಎದುರಾಯಿತು. ಚಲಿಸುವ ದೃಶ್ಯದ ಮೇಲೆ ಬಿಳಿಯ ಹೆಸರು ಮೂಡಿಸಿದರೆ, ಹಿಂದೆ ಬಿಳಿ ಪಂಚೆಯುಟ್ಟವರು ಬಂದಾಗ ಅಕ್ಷರ ಮಾಯವಾಗುತ್ತಿತ್ತು. ಅಕ್ಷರ ಕೂರುವಷ್ಟು ಜಾಗವನ್ನು ದೃಶ್ಯದಲ್ಲಿ ಕತ್ತಲಾಗಿಸುವ ಮರೆಗೆ ಮ್ಯಾಟ್ ಎಂದು ಹೆಸರು. ಈ ಮರೆಯನ್ನು ಅಕ್ಷರಕ್ಕಿಂತ ಕೊಂಚ ದಪ್ಪಗೆ ಮಾಡಿದರೆ, ಅಕ್ಷರ ಕೂತ ಮೇಲೂ ಸುತ್ತ ಕಪ್ಪು ಅಂಚು ಉಳಿಯುತ್ತದೆ. 1972ರ ಅಕ್ಟೋಬರ್ 2ರಂದು ಮುಂಬಯಿಯಲ್ಲಿ ದೂರದರ್ಶನ ಆರಂಭವಾಯಿತು. ಟೆಲಿವಿಷನ್ನಿನ ಅಕ್ಷರಯಂತ್ರಗಳು ಇದೇ ಅಂಚನ್ನು ವಿದ್ಯುನ್ಮಾನದಿಂದ ಮಾಡತೊಡಗಿದ್ದೂ ಆ ದಶಕದಲ್ಲಿಯೇ.

ಕಂಪ್ಯೂಟರಿಗೆ ಈ ಲೆಕ್ಕ ಬಂದ ದಾರಿ ಮಾತ್ರ ವಿಚಿತ್ರ. ಅದು ಬಂದದ್ದು ಕಲ್ಲಿನಿಂದ! 1964ರಲ್ಲಿ ಪ್ಯಾರಿಸ್ಸಿನ ಗಣಿ ವಿದ್ಯಾಲಯದ ಜಾರ್ಜ್ ಮಾತೆರೋನ್ ಮತ್ತು ಜಾನ್ ಸೆರಾ ಎಂಬುವರು ಅದಿರಿನ ತೆಳು ಪದರಗಳಲ್ಲಿರುವ ಕಣಗಳ ಆಕಾರವನ್ನು ಅಳೆಯಲು ಒಂದು ಗಣಿತವನ್ನು ರೂಪಿಸಿದರು. ಆಕೃತಿಯನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿಸುವುದು ಅದರಲ್ಲೊಂದು ಕ್ರಿಯೆ. ಹಿಗ್ಗಿದ ಆಕೃತಿಯಿಂದ ಮೂಲವನ್ನು ಕಳೆದರೆ ಉಳಿಯುವ ಬಳೆಯೇ ಅಂಚುಗೆರೆ. ಬೆಟ್ಟದ ಮಗ್ಗುಲಿನ ಕಲ್ಲುಗಣಿಗಳನ್ನು ಕಂಡ ತುರ್ಭೆಯವರಾದ ನಮಗೆ ಈ ಸಂಗತಿ ವಿಶೇಷವಾಗಿ ಹಿಡಿಸಿತು. ಮುಂದೆ 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬುವರು ಕಂಪ್ಯೂಟರ್ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ನಿಯಮಗಳನ್ನು ಬರೆದರು. 1993ರಲ್ಲಿ ಆಫ್ಟರ್ ಎಫೆಕ್ಟ್ಸ್ ಹೊರಬಂದ ಮೇಲೆ ಈ ಕೆಲಸ ಮನೆಯ ಮೇಜಿನವರೆಗೂ ಬಂದಿತು.

ಇಷ್ಟಾದರೂ ಕನ್ನಡದ ಪಾಡು ಬೇರೆ. ಕಳೆದ ವರ್ಷ ನಮ್ಮ ಬಳಗದ ಕಾರ್ಯಕ್ರಮದ ವೀಡಿಯೋದಲ್ಲಿ ‘ಕಥೆ’ ಎಂಬ ಶೀರ್ಷಿಕೆಯನ್ನು ಮಗುವೊಂದು ‘ಕದೆ’ ಎಂದು ಓದಿತು. ದೊಡ್ಡವರು ನಕ್ಕರು, ಮಗು ತಲೆ ತಗ್ಗಿಸಿತು. ಆಮೇಲೆ ನಾವು ಹತ್ತಿರ ಹೋಗಿ ನೋಡಿದರೆ ತಪ್ಪು ಮಗುವಿನದಾಗಿರಲಿಲ್ಲ. ಅಂಚುಗೆರೆಯನ್ನು ಅಕ್ಷರದ ಒಳಮುಖವಾಗಿ ದಪ್ಪಗೆ ಎಳೆದದ್ದರಿಂದ ‘ಥ’ದ ಹೊಟ್ಟೆಯೊಳಗಿನ ಚುಕ್ಕೆ ನುಂಗಿಹೋಗಿತ್ತು. ಕೆಲವು ಕಡೆ ಒಂದು ಅಕ್ಷರದ ಗೆರೆ ಪಕ್ಕದ ಒತ್ತಕ್ಷರವನ್ನು ಕತ್ತರಿಸಿತ್ತು. ಒಂಟಿ ಅಕ್ಷರಗಳು ದೂರದೂರ ನಿಲ್ಲುವ ಇಂಗ್ಲಿಷಿಗೆ ಸಾಕಾಗುವ ವಿಧಾನ, ಗುಣಿತ ಒತ್ತುಗಳು ಹೆಣೆದುಕೊಂಡ ನಮ್ಮ ಲಿಪಿಗೆ ಸಾಲದು.

ಪರಿಹಾರ ಆ ಹಳೆಯ ಮ್ಯಾಟಿನಲ್ಲಿಯೇ ಇದೆ. ಇಡೀ ಪದವನ್ನು ಒಂದೇ ಆಕೃತಿಯೆಂದು ತಿಳಿದು ಅದರ ಪ್ರತಿಯೊಂದನ್ನು ಹೊರಮುಖವಾಗಿ ಹಿಗ್ಗಿಸಿ, ಕಪ್ಪು ಬಣ್ಣ ಕೊಟ್ಟು, ಮೂಲದ ಕೆಳಗೆ ಇಡಬೇಕು. ಆಗ ಚುಕ್ಕೆಯೂ ಉಳಿಯುತ್ತದೆ, ಒತ್ತೂ ಉಳಿಯುತ್ತದೆ.

ಇದೊಂದು ಸಣ್ಣ ವಿಷಯವೆಂದು ಯಾರೂ ಬಗೆಯಬಾರದು. ಊರಿನಲ್ಲಿ ಬೆಳೆಯುವ ಮಗುವಿಗೆ ಬಸ್ಸು, ಅಂಗಡಿ, ಗೋಡೆ ಎಲ್ಲೆಲ್ಲಿಯೂ ಕನ್ನಡ ಕಾಣಿಸುತ್ತದೆ. ಇಲ್ಲಿಯ ನಮ್ಮ ಮಕ್ಕಳಿಗೆ ಕಾಣಿಸುವುದು ಬೆರಳೆಣಿಕೆಯಷ್ಟು ಪದಗಳು ಮಾತ್ರ. ಅಷ್ಟನ್ನಾದರೂ ಚುಕ್ಕೆ ಅಳಿಯದಂತೆ ತೋರಿಸುವುದು ನಮ್ಮೆಲ್ಲರ ಹೊಣೆ.